ಧಾರವಾಡದಿಂದ ಜರ್ಮನಿಗೆ ಒಂದು ಶಾಲಾ ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಜರ್ಮನಿಗೆ ಹೋಗಿ, ಅಲ್ಲಿನ ಒಂದು ಮನೆಯಲ್ಲಿದ್ದು, ಅಲ್ಲಿನ ಶಾಲೆಯಲ್ಲಿ ಓದಿ, ಒಂದಿಷ್ಟು ಸ್ವಯಂಸೇವೆಯನ್ನೂ ಮಾಡಿ ಬಂದಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗ-ಹುಡುಗಿಯರೂ ಅವರ ಅಪ್ಪ-ಅವ್ವಂದಿರೂ ನನ್ನ ನಂಬರ್ ಹುಡುಕಿ ಫೋನ್ ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ವೀಸಾ ನಿಯಮ ಮತ್ತು ದರಗಳು ಬದಲಾಗುತ್ತಿರುತ್ತವೆ. ಅವನ್ನು ಮಾತ್ರ ನೀವೇ ಒಮ್ಮೆ ನೋಡಿಕೊಳ್ಳಿ.

ನೀನು ಇದ್ದದ್ದು ಬರ್ಲಿನ್ನಲ್ಲಾ, ಮ್ಯೂನಿಕ್ಕಲ್ಲಾ?

ಎರಡೂ ಅಲ್ಲ. ನಾನಿದ್ದದ್ದು ನೈರುತ್ಯ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಅದರ ರಾಜಧಾನಿ ಸ್ಟುಟ್‌ಗಾರ್ಟ್. ಅಲ್ಲಿಂದ ದಕ್ಷಿಣಕ್ಕೆ ಬಂದರೆ ರೊಯ್ಟ್ಲಿಂಗೆನ್ ಸಿಗುತ್ತದೆ, ಅದರಾಚೆ ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಗುಡ್ಡಗಳ ಸಾಲು ಶುರುವಾಗುತ್ತದೆ. ಆ ಗುಡ್ಡದ ಬುಡದಲ್ಲಿ ನನ್ನ ಹಳ್ಳಿ. ಊರನ್ನು ನಾವು ಆರಿಸುವ ಹಾಗಿಲ್ಲ. ನಿಮ್ಮನ್ನು ಇಟ್ಟುಕೊಳ್ಳಲು ಯಾವ ಕುಟುಂಬ ಒಪ್ಪುತ್ತದೋ ಅದೇ ನಿಮ್ಮ ಊರು. ಹಳ್ಳಿ ಅಂದ ಕೂಡಲೇ ಎಷ್ಟೋ ಮಕ್ಕಳು ಮುಖ ಸಣ್ಣ ಮಾಡುತ್ತಾರೆ. ನನಗೆ ಆಯ್ಕೆ ಕೊಟ್ಟರೆ ಈಗಲೂ ಹಳ್ಳಿಯನ್ನೇ ಕೇಳುತ್ತೇನೆ. ಯಾಕೆ ಅನ್ನೋದು ಕೆಳಗೆ ಗೊತ್ತಾಗುತ್ತದೆ.

ಯಾವ ಸಂಸ್ಥೆಗಳ ಮೂಲಕ ಹೋಗಬಹುದು?

ಎರಡು ಹೆಸರು ಹಳೆಯವು ಮತ್ತು ದೊಡ್ಡವು. ಒಂದು ಎಎಫ್ಎಸ್. 1915ರಲ್ಲಿ ಯುದ್ಧದ ಗಾಯಾಳುಗಳನ್ನು ಸಾಗಿಸುವ ಅಮೆರಿಕನ್ ಸ್ವಯಂಸೇವಕರ ಆಂಬುಲೆನ್ಸ್ ತಂಡವಾಗಿ ಹುಟ್ಟಿದ ಸಂಸ್ಥೆ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಶಾಲಾ ಮಕ್ಕಳ ವಿನಿಮಯಕ್ಕೆ ಇಳಿಯಿತು. ಇನ್ನೊಂದು ರೋಟರಿ ಯೂತ್ ಎಕ್ಸ್‌ಚೇಂಜ್. ನಿಮ್ಮೂರಿನ ರೋಟರಿ ಕ್ಲಬ್ಬಿನಲ್ಲಿ ಕೇಳಿದರೆ ದಾರಿ ಹೇಳುತ್ತಾರೆ, ಅಪ್ಪ-ಅವ್ವ ಸದಸ್ಯರಾಗಿರಲೇಬೇಕು ಅಂತೇನಿಲ್ಲ. ಶಾಲೆ-ಶಾಲೆಗಳ ನಡುವೆ ನೇರವಾಗಿ ನಡೆಯುವ ಎರಡು-ಮೂರು ವಾರದ ವಿನಿಮಯಗಳೂ ಇವೆ. ಅವು ಸುತ್ತಾಟಕ್ಕೆ ಸಾಕು, ಸ್ವಯಂಸೇವೆಗೆ ಸಾಲವು.

"ಸೀಟು ಗ್ಯಾರಂಟಿ, ದುಡ್ಡು ಇವತ್ತೇ ಕಟ್ಟಿ" ಅನ್ನುವ ಏಜೆಂಟರಿಂದ ದೂರ ಇರಿ. ನಿಜವಾದ ವಿನಿಮಯದಲ್ಲಿ ಮೊದಲು ಅರ್ಜಿ, ಸಂದರ್ಶನ, ಆಮೇಲೆ ದುಡ್ಡಿನ ಮಾತು.

ವಯಸ್ಸು ಎಷ್ಟಿರಬೇಕು? ಇಲ್ಲಿ ಒಂದು ವರ್ಷ ಹಾಳಾಗುತ್ತದಾ?

ಸುಮಾರು 15ರಿಂದ 18. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವುದು ಎಲ್ಲಕ್ಕಿಂತ ಸಲೀಸು. ನಮ್ಮ ಶಾಲೆಗಳು ಜೂನ್ ಹೊತ್ತಿಗೆ ಶುರುವಾದರೆ ಆ ರಾಜ್ಯದಲ್ಲಿ ಸೆಪ್ಟೆಂಬರ್‌ನಿಂದ ಜುಲೈ ಕೊನೆಯವರೆಗೆ. ಹಾಗಾಗಿ ಲೆಕ್ಕ ಕೂಡುವುದಿಲ್ಲ. ಪೂರ್ತಿ ವರ್ಷ ಹೋದರೆ ಪಿಯುಸಿ ಒಂದು ವರ್ಷ ತಡ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ. ಬಂದ ಮೇಲೆ ಸೀಟು ಕೊಡುತ್ತೀರಾ ಅಂತ ಕಾಲೇಜಿನವರನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಬಾಯಿಮಾತು ಮುಂದಿನ ಪ್ರಿನ್ಸಿಪಾಲರಿಗೆ ನೆನಪಿರುವುದಿಲ್ಲ.

ಅಂಕಗಳ ಬಗ್ಗೆ ಒಂದು ಮಾತು. ಅಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಫೇಲು. ಅಂಕಪಟ್ಟಿಯನ್ನು ಅಜ್ಜನಿಗೆ ತೋರಿಸುವ ಮುಂಚೆ ಇದನ್ನು ಹೇಳಿಬಿಡಿ.

ಪಾಸ್‌ಪೋರ್ಟ್, ವೀಸಾ?

ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. 18 ತುಂಬದವರಿಗೆ ಸಾಮಾನ್ಯವಾಗಿ ಐದು ವರ್ಷದ ಅಥವಾ 18 ತುಂಬುವವರೆಗಿನ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ 15 ದಾಟಿದವರು ಹತ್ತು ವರ್ಷದ್ದನ್ನು ಕೇಳಬಹುದು. ಅದನ್ನೇ ಕೇಳಿ. ಇಲ್ಲದಿದ್ದರೆ ಅಲ್ಲಿದ್ದಾಗಲೇ 18 ತುಂಬಿ ಪಾಸ್‌ಪೋರ್ಟ್ ಅವಧಿ ಮುಗಿಯುವ ಫಜೀತಿ ಬರಬಹುದು.

90 ದಿನಕ್ಕಿಂತ ಕಡಿಮೆ ಇದ್ದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ), ಜಾಸ್ತಿ ಇದ್ದರೆ ಜರ್ಮನಿಯ ರಾಷ್ಟ್ರೀಯ ವೀಸಾ. ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಅಪ್ಪ-ಅವ್ವ ಇಬ್ಬರ ಸಹಿ ಬೇಕು. ಅಲ್ಲಿಗೆ ಹೋದ ಮೇಲೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದನ್ನು ಆತಿಥೇಯ ಕುಟುಂಬದವರೇ ಕರೆದುಕೊಂಡು ಹೋಗಿ ಮಾಡಿಸುತ್ತಾರೆ.

ಜರ್ಮನ್ ಬರಲೇಬೇಕಾ?

ಎ1 ಮಟ್ಟದ್ದನ್ನಾದರೂ, ಅಂದರೆ ಭಾಷೆಯ ಮೊದಲ ಮೆಟ್ಟಿಲನ್ನಾದರೂ, ಕಲಿತು ಹೋಗಿ. ಇಂಗ್ಲಿಷಿನಲ್ಲೇ ವರ್ಷ ದೂಡಿದ ಮಕ್ಕಳನ್ನೂ ನೋಡಿದ್ದೇನೆ. ಅವರಿಗೆ ಮ್ಯೂಸಿಯಂಗಳು ಸಿಕ್ಕವು, ಮನುಷ್ಯರು ಸಿಗಲಿಲ್ಲ. ಪುಸ್ತಕದ ಜರ್ಮನ್ ಕಲಿತು ಹೋದರೂ ಆ ಭಾಗದ ಶ್ವಾಬಿಯನ್ ಆಡುಮಾತು ಮೊದಮೊದಲು ತಲೆಗೆ ಹತ್ತುವುದಿಲ್ಲ. ಬೆಂಗಳೂರಿನವರು ಮೊದಲ ಸಲ ನಮ್ಮ ಸಂತೆಯಲ್ಲಿ ನಿಂತರೆ ಅವರಿಗೂ ಹಾಗೇ ಆಗುತ್ತದೆ, ಅಲ್ವಾ?

ಏನೇನು ನೋಡಿದೆ? ನಾವು ಏನು ನೋಡಬೇಕು?

ಪಟ್ಟಿ ಕೊಟ್ಟರೆ ಮುಗಿಯುವುದಿಲ್ಲ, ನನಗೆ ಮನಸ್ಸಿಗೆ ಹತ್ತಿದ್ದನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಉಲ್ಮ್ ಊರಿನ ಚರ್ಚು. 1377ರಲ್ಲಿ ಕಟ್ಟಲು ಶುರು ಮಾಡಿದರು, ಗೋಪುರ ಮುಗಿದದ್ದು 1890ರಲ್ಲಿ. ಎತ್ತರ 161.5 ಮೀಟರ್. 2025ರಲ್ಲಿ ಬಾರ್ಸಿಲೋನಾದ ಸಗ್ರಾಡಾ ಫಮೀಲಿಯಾ ಇದನ್ನು ಮೀರಿಸುವವರೆಗೆ ಜಗತ್ತಿನ ಅತಿ ಎತ್ತರದ ಚರ್ಚು ಇದೇ ಆಗಿತ್ತು. ಮೇಲಕ್ಕೆ 768 ಮೆಟ್ಟಿಲು. ಲಿಫ್ಟ್ ಇಲ್ಲ. ಮೇಲೆ ಹೋಗುತ್ತಾ ಸುರುಳಿ ಮೆಟ್ಟಿಲು ಎಷ್ಟು ಇಕ್ಕಟ್ಟಾಗುತ್ತದೆ ಅಂದರೆ ಎದುರಿಗೆ ದಪ್ಪ ಜಾಕೆಟ್ ಹಾಕಿದವರು ಬಂದರೆ ಇಬ್ಬರೂ ಗೋಡೆಗೆ ಅಂಟಿಕೊಳ್ಳಬೇಕು. ಐನ್‌ಸ್ಟೈನ್ 1879ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಆದರೆ ಮರುವರ್ಷವೇ ಮನೆಯವರು ಮ್ಯೂನಿಕ್‌ಗೆ ಹೋದರು. ಊರು ಮಾತ್ರ ಆ ಒಂದು ವರ್ಷವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಎರಡನೆಯದು ಬ್ಲಾಬೊಯ್ರೆನ್. ಉಲ್ಮ್ ಪಕ್ಕದಲ್ಲೇ ಇರುವ ಸಣ್ಣ ಊರು. ಬ್ಲಾಟೋಪ್ಫ್ ಎಂಬ ಬುಗ್ಗೆಯ ಕೊಳ ಇದೆ, ನೀರು ಕಣ್ಣು ಕುಕ್ಕುವಷ್ಟು ನೀಲಿ. ಎಲ್ಲರೂ ಅದರ ಫೋಟೋ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ, ಅಲ್ಲಿನ ಪ್ರಾಗಿತಿಹಾಸದ ಮ್ಯೂಸಿಯಂ ಒಳಗೆ ಹೋಗಿ. ಸುತ್ತಲಿನ ಗುಹೆಗಳಲ್ಲಿ ಹಿಮಯುಗದ ಮನುಷ್ಯರು ಮಾಡಿದ ವಸ್ತುಗಳು ಸಿಕ್ಕಿವೆ, 2017ರಲ್ಲಿ ಆ ಗುಹೆಗಳು ಯುನೆಸ್ಕೋ ಪಟ್ಟಿ ಸೇರಿದವು. ಹೋಲೆ ಫೆಲ್ಸ್ ಎಂಬ ಗುಹೆಯಲ್ಲಿ 2008ರಲ್ಲಿ ಒಂದು ಕೊಳಲು ಸಿಕ್ಕಿತು. ರಣಹದ್ದಿನ ರೆಕ್ಕೆಯ ಮೂಳೆಯಲ್ಲಿ ಕೊರೆದದ್ದು. ಬೆರಳಿಡಲು ಐದು ತೂತು. ವಯಸ್ಸು ಸುಮಾರು 40,000 ವರ್ಷ! ಗಂಗೂಬಾಯಿ ಹಾನಗಲ್ಲರ, ಮಲ್ಲಿಕಾರ್ಜುನ ಮನಸೂರರ ಊರಿನಿಂದ ಹೋದವಳು ನಾನು. ಸಂಗೀತ ಅಂದರೆ ನಮ್ಮದೇ ಅಂತ ಒಂದು ಜಂಬ ಇತ್ತು. ಹೊಟ್ಟೆಗೆ ಬೇಟೆಯನ್ನೇ ನೆಚ್ಚಿಕೊಂಡಿದ್ದ ಆ ಚಳಿಯಲ್ಲಿ ಯಾರೋ ಒಬ್ಬರು ಕೂತು ಮೂಳೆಗೆ ತೂತು ಕೊರೆಯುತ್ತಿದ್ದರು ಅಂತ ಯೋಚಿಸಿದರೆ ಜಂಬ ಕಡಿಮೆಯಾಗುತ್ತದೆ.

ಸ್ಟುಟ್‌ಗಾರ್ಟಿನ ಕಾರು ಮ್ಯೂಸಿಯಂಗಳು ಚೆನ್ನಾಗಿವೆ, ತಮ್ಮಂದಿರು ಕೇಳಿಯೇ ಕೇಳುತ್ತಾರೆ. ರೊಯ್ಟ್ಲಿಂಗೆನ್‌ನಲ್ಲಿ ಜಗತ್ತಿನ ಅತಿ ಕಿರಿದಾದ ಬೀದಿ ಅಂತ ಗಿನ್ನೆಸ್ ದಾಖಲೆಯಾದ ಓಣಿ ಇದೆ, ಒಂದು ಕಡೆ 31 ಸೆಂಟಿಮೀಟರ್ ಅಷ್ಟೇ ಅಗಲ. ಕೋಟೆಗಳು ಬೇಕಾದಷ್ಟಿವೆ. ಮೂರು ನೋಡಿದ ಮೇಲೆ ನಾಲ್ಕನೆಯದರ ಹೆಸರು ನೆನಪಿರುವುದಿಲ್ಲ.

ಕಿಟ್ಟೆಲ್ ಊರಿಗೆ ಹೋಗಿದ್ದೆಯಾ?

ಧಾರವಾಡದವರು ಇದನ್ನು ಕೇಳದೆ ಬಿಡುವುದಿಲ್ಲ. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ಕರಾವಳಿಯಲ್ಲಿ. ಅದು ನಾನಿದ್ದ ಕಡೆಯಿಂದ ಬಲು ದೂರ. ಬಾಸೆಲ್ ಮಿಶನ್ ಕಳಿಸಿದ್ದರಿಂದ ನಮ್ಮ ಕಡೆ ಬಂದರು. ಧಾರವಾಡ, ಹುಬ್ಬಳ್ಳಿಗಳಲ್ಲಿ ಇದ್ದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕೊನೆಯ ವರ್ಷಗಳನ್ನು ಆ ಊರಲ್ಲೇ ಕಳೆದು 1903ರಲ್ಲಿ ತೀರಿಕೊಂಡರು.

ಟ್ಯೂಬಿಂಗೆನ್ ನಮ್ಮ ಹಳ್ಳಿಗೆ ಹತ್ತಿರ. ನಿಜ ಹೇಳಬೇಕೆಂದರೆ ಧಾರವಾಡದವರಿಗೆ ಅಲ್ಲಿ ಪರಕೀಯ ಅನ್ನಿಸುವುದೇ ಇಲ್ಲ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಊರು ತುಂಬ ಓದುವ ಹುಡುಗರು, ಪುಸ್ತಕದಂಗಡಿ, ಸೈಕಲ್ಲು, ಏರು-ಇಳಿತದ ರಸ್ತೆ, ಆಗಾಗ ಜಿಟಿಜಿಟಿ ಮಳೆ. ನೆಕ್ಕರ್ ನದಿಯಲ್ಲಿ ಉದ್ದ ಕೋಲು ಊರಿ ನೂಕುವ ಚಪ್ಪಟೆ ದೋಣಿಗಳಿವೆ, ಅವನ್ನು ನಡೆಸುವವರಲ್ಲೂ ವಿದ್ಯಾರ್ಥಿಗಳು ಜಾಸ್ತಿ. ನಮ್ಮ ಶಾಲೆಯ ಇತಿಹಾಸದ ಮೇಷ್ಟ್ರಿಗೆ ಕಿಟ್ಟೆಲ್ ಹೆಸರೇ ಗೊತ್ತಿರಲಿಲ್ಲ. ನಮ್ಮೂರಲ್ಲಿ ಅವರ ಹೆಸರಿನ ಕಾಲೇಜೇ ಇದೆ ಅಂದಾಗ ಅವರು ನನ್ನನ್ನೇ ತರಗತಿಯ ಮುಂದೆ ನಿಲ್ಲಿಸಿ ಪಾಠ ಮಾಡು ಅಂದರು. ಮಾಡಿದೆ.

ಎಲ್ಲಾ ಬರೀ ಸಂತೋಷದ ಜಾಗಗಳೇನಾ?

ಅಲ್ಲ. ಅಲ್ಲಿನ ಶಾಲೆಗಳು ಮಕ್ಕಳನ್ನು ತಮ್ಮ ದೇಶದ ಪಾಪದ ಜಾಗಗಳಿಗೂ ಕರೆದುಕೊಂಡು ಹೋಗುತ್ತವೆ. ನಮ್ಮನ್ನು ಗ್ರಾಫೆನೆಕ್‌ಗೆ ಕರೆದುಕೊಂಡು ಹೋದರು. ಗುಡ್ಡದ ಮೇಲೆ ಒಂದು ಹಳೆಯ ಅರಮನೆ. ಅಂಗವಿಕಲರಿಗೆ ಆಶ್ರಯ ಕೊಡುವ ಮನೆಯಾಗಿತ್ತು. ನಾಜಿಗಳು 1939ರಲ್ಲಿ ಅದನ್ನು ಕಿತ್ತುಕೊಂಡರು. 1940ರ ಒಂದೇ ವರ್ಷದಲ್ಲಿ ಅಲ್ಲಿ 10,654 ಜನ ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ವಿಷಾನಿಲ ಬಿಟ್ಟು ಕೊಂದರು. ಬೂದು ಬಣ್ಣದ ಬಸ್ಸುಗಳಲ್ಲಿ ಆಸ್ಪತ್ರೆ, ಆಶ್ರಮಗಳಿಂದ ತಂದು ಕೊಂದದ್ದು.

ಯುದ್ಧ ಮುಗಿದ ಮೇಲೆ ಅಂಗವಿಕಲರ ಮನೆ ಮತ್ತೆ ಅಲ್ಲೇ ಶುರುವಾಯಿತು, ಇವತ್ತೂ ನಡೆಯುತ್ತಿದೆ. ಸ್ಮಾರಕ ನೋಡಿ ಹೊರಗೆ ಬಂದರೆ ಅಲ್ಲಿ ವಾಸಿಸುವವರು ಓಡಾಡಿಕೊಂಡಿರುತ್ತಾರೆ, ಎದುರು ಸಿಕ್ಕರೆ ನಮಸ್ಕಾರ ಹೇಳುತ್ತಾರೆ. ವಾಪಸ್ ಬರುವಾಗ ನಮ್ಮ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಇಂಥ ಜಾಗಕ್ಕೆ ಮಕ್ಕಳನ್ನು ಯಾಕೆ ಕಳಿಸಬೇಕು ಅಂತ ಒಬ್ಬ ತಾಯಿ ನನ್ನನ್ನು ಕೇಳಿದ್ದರು. ಹದಿನಾರು ವರ್ಷದವರು ಇದನ್ನು ನೋಡುವಷ್ಟು ದೊಡ್ಡವರೇ ಅನ್ನುವುದು ನನ್ನ ಅಭಿಪ್ರಾಯ.

ಸ್ವಯಂಸೇವೆ ಕಡ್ಡಾಯವಾ?

ಎಲ್ಲ ಕಾರ್ಯಕ್ರಮಗಳಲ್ಲಿ ಇಲ್ಲ. ಕೆಲವು ಶಾಲೆಗಳಲ್ಲಿ ಪಠ್ಯದ ಭಾಗವಾಗಿ ವೃದ್ಧಾಶ್ರಮ, ಶಿಶುವಿಹಾರಗಳಲ್ಲಿ ಸಮಾಜ ಸೇವೆಯ ದಿನಗಳಿರುತ್ತವೆ. ಉಳಿದದ್ದು ನಿಮ್ಮ ಇಷ್ಟ. ಸಂಬಳ ಸಿಗುವ ಕೆಲಸವನ್ನು ಮಾತ್ರ ಕಾರ್ಯಕ್ರಮದವರನ್ನು ಕೇಳದೆ ಒಪ್ಪಿಕೊಳ್ಳಬೇಡಿ, ವೀಸಾಗೆ ತೊಂದರೆಯಾಗಬಹುದು.

ನಾನು ಶುರು ಮಾಡಿದ್ದು ಆತಿಥೇಯ ಅಮ್ಮ ಹೋಗುತ್ತಿದ್ದರು ಅಂತ, ಅವರ ಹಿಂದೆ. ಅಲ್ಲಿ ಅಗ್ನಿಶಾಮಕ ದಳದವರೂ ಹೆಚ್ಚಿನ ಊರುಗಳಲ್ಲಿ ಸ್ವಯಂಸೇವಕರೇ. ಬೇಕರಿಯವನು, ಬಡಿಗ, ಮೇಷ್ಟ್ರು, ಸೈರನ್ ಆದರೆ ಎಲ್ಲ ಓಡುತ್ತಾರೆ. ಸುಮ್ನೆ ನೋಡುತ್ತಾ ತಿರುಗಿದಷ್ಟು ದಿನ ಊರವರಿಗೆ ನಾನು "ಆ ಇಂಡಿಯಾದ ಹುಡುಗಿ" ಆಗಿದ್ದೆ. ಕೈಗೆ ಬಕೆಟ್ ಬಂದ ಮೇಲೆ ಹೆಸರಿಟ್ಟು ಕರೆಯಲು ಶುರು ಮಾಡಿದರು.

ಬಕೆಟ್ಟಾ? ಯಾತಕ್ಕೆ?

ಕಪ್ಪೆಗಳಿಗೆ! ತಮಾಷೆ ಅಲ್ಲ. ಚಳಿಗಾಲ ಮುಗಿಯುವಾಗ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ನೆಲಗಪ್ಪೆಗಳು ಕಾಡಿನಿಂದ ತಾವು ಹುಟ್ಟಿದ ಕೆರೆಗೆ ಮೊಟ್ಟೆಯಿಡಲು ಹೊರಡುತ್ತವೆ. ರಾತ್ರಿ ಐದಾರು ಡಿಗ್ರಿ ಮೇಲಿದ್ದು ಸ್ವಲ್ಪ ಮಳೆ ಬಿದ್ದರೆ ಸಾಕು, ಗುಂಪುಗುಂಪಾಗಿ ಬರುತ್ತವೆ. ನಡುವೆ ರಸ್ತೆ. ಕಾರಿನ ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಅದಕ್ಕೆ ಸ್ವಯಂಸೇವಕರು ರಸ್ತೆಯ ಪಕ್ಕ ಮೊಳದೆತ್ತರದ ಪ್ಲಾಸ್ಟಿಕ್ ಬೇಲಿ ಕಟ್ಟುತ್ತಾರೆ. ಬೇಲಿಯ ಬುಡದಲ್ಲಿ ಅಲ್ಲಲ್ಲಿ ಬಕೆಟ್ ಹೂತಿಟ್ಟಿರುತ್ತಾರೆ. ದಾರಿ ಸಿಗದ ಕಪ್ಪೆ ಬೇಲಿಗುಂಟ ಹೋಗಿ ಬಕೆಟ್ಟಿಗೆ ಬೀಳುತ್ತದೆ. ಬೆಳಗ್ಗೆ ಸಂಜೆ ಹೋಗಿ ಅವನ್ನು ಎಣಿಸಿ, ಗಂಡೆಷ್ಟು ಹೆಣ್ಣೆಷ್ಟು ಬರೆದು, ರಸ್ತೆ ದಾಟಿಸಿ ಬಿಡಬೇಕು. ಎಷ್ಟೋ ಹೆಣ್ಣು ಕಪ್ಪೆಗಳ ಬೆನ್ನ ಮೇಲೆ ಗಂಡು ಆಗಲೇ ಸವಾರಿ ಮಾಡಿರುತ್ತದೆ, ಬಿಡಿಸಬಾರದು, ಜೋಡಿಯಾಗಿಯೇ ದಾಟಿಸಬೇಕು.

ಮಳೆ ಬರಲಿ ಅಂತ ಕಪ್ಪೆಗಳಿಗೆ ಮದುವೆ ಮಾಡುವ ಸೀಮೆಯವಳು ನಾನು. ಇದನ್ನು ಹೇಳಿದಾಗ ಜೊತೆಗಿದ್ದ ನಿವೃತ್ತ ಎಂಜಿನಿಯರ್ ಅಜ್ಜ ಒಬ್ಬರು ಮದುವೆಯ ವಿಧಿ-ವಿಧಾನ ಪೂರ್ತಿ ಕೇಳಿ ತಿಳಿದುಕೊಂಡರು. ಅರಿಸಿನ ಹಚ್ಚುತ್ತಾರಾ ಅನ್ನುವುದು ಅವರಿಗೆ ಬಹಳ ಮುಖ್ಯವಾಗಿತ್ತು. ಹೊಳೆಯುವ ಜಾಕೆಟ್, ಟಾರ್ಚ್, ಕೈಗವಸು ಕೊಡುತ್ತಾರೆ. ಕೈಗವಸು ಒದ್ದೆ ಇರಬೇಕು, ಒಣ ಕೈ ಕಪ್ಪೆಯ ಚರ್ಮಕ್ಕೆ ಆಗುವುದಿಲ್ಲ. ಆ ವರ್ಷದ ಯಾವ ಕೋಟೆಯೂ ನನಗೆ ಈ ರಸ್ತೆಯಷ್ಟು ನೆನಪಿಲ್ಲ.

ಬಡವರೇ ಇಲ್ಲದ ದೇಶದಲ್ಲಿ ಎಂಥ ಸೇವೆ?

ಬಡವರು ಇದ್ದಾರೆ. ಟಾಫೆಲ್ ಅಂತ ಒಂದು ವ್ಯವಸ್ಥೆ ಇದೆ. 1993ರಲ್ಲಿ ಬರ್ಲಿನ್ನಲ್ಲಿ ಶುರುವಾಗಿ ಈಗ ದೇಶದ ತುಂಬ ಹಬ್ಬಿದೆ. ಸೂಪರ್‌ಮಾರ್ಕೆಟ್, ಬೇಕರಿಗಳಲ್ಲಿ ಉಳಿದ, ಆದರೆ ತಿನ್ನಲು ಚೆನ್ನಾಗಿರುವ ಆಹಾರವನ್ನು ತಂದು, ಆರಿಸಿ, ಕಡಿಮೆ ಆದಾಯದವರಿಗೆ ಕೊಡುತ್ತಾರೆ. ನಮ್ಮ ಕಡೆಯದು ಅಂಗಡಿಯ ರೂಪದಲ್ಲಿತ್ತು, ತೀರಾ ಕಡಿಮೆ ದರಕ್ಕೆ ಮಾರುತ್ತಿದ್ದರು. ನನ್ನ ಕೆಲಸ ತರಕಾರಿ ಆರಿಸುವುದು. ಒಂದು ದ್ರಾಕ್ಷಿ ಕೊಳೆತರೆ ಡಬ್ಬಿ ಎಸೆಯುವುದಲ್ಲ, ಆ ದ್ರಾಕ್ಷಿ ತೆಗೆಯುವುದು. ಬರುತ್ತಿದ್ದವರಲ್ಲಿ ಪಿಂಚಣಿ ಸಾಲದ ಅಜ್ಜಿಯರು, ಒಬ್ಬರೇ ಮಕ್ಕಳನ್ನು ಸಾಕುವ ತಾಯಂದಿರು, ಉಕ್ರೇನ್ ಮತ್ತು ಸಿರಿಯಾದಿಂದ ಬಂದವರು ಇದ್ದರು.

ಸಿದ್ಧಾರೂಢ ಮಠದ ದಾಸೋಹ ನೋಡಿ ಬೆಳೆದವಳಿಗೆ ಒಂದು ವಿಷಯ ಕಸಿವಿಸಿ ಮಾಡಿತು. ಮಠದಲ್ಲಿ ಪಂಕ್ತಿಯಲ್ಲಿ ಕೂತರೆ ಯಾರೂ ನೀನ್ಯಾರು ಅಂತ ಕೇಳುವುದಿಲ್ಲ. ಟಾಫೆಲ್‌ನಲ್ಲಿ ಆದಾಯದ ಪುರಾವೆ ಕೊಟ್ಟು ಕಾರ್ಡ್ ಮಾಡಿಸಬೇಕು. ಒಬ್ಬ ಅಜ್ಜಿ ಪ್ರತಿ ಸಲ ಕಾರ್ಡನ್ನು ಅಂಗೈಯಲ್ಲಿ ಮುಚ್ಚಿ ತೋರಿಸುತ್ತಿದ್ದರು. ಆದರೆ ಸರಕು ಕಡಿಮೆ ಇರುವಾಗ ಕಾರ್ಡಿಲ್ಲದೆ ಹಂಚಿದರೆ ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ ಅನ್ನುವುದು ಟಾಫೆಲ್ ನಡೆಸುವವರ ವಾದ. ಅದನ್ನೂ ತಳ್ಳಿಹಾಕಲಾರೆ.

ವೃದ್ಧಾಶ್ರಮದಲ್ಲಿ ಏನು ಮಾಡುತ್ತಿದ್ದೆ?

ಬಹುಪಾಲು ಆಟ ಆಡುತ್ತಿದ್ದೆ. ಲೂಡೋ ತರಹದ ಒಂದು ಆಟ ಅಲ್ಲಿ ಮನೆಮನೆಯಲ್ಲೂ ಇದೆ. ಅದರ ಮೂಲ ನಮ್ಮ ಪಗಡೆಯೇ. ತೊಂಬತ್ತರ ಹತ್ತಿರದ ಅಜ್ಜಿಯರು ನನ್ನ ಕಾಯಿ ಹೊಡೆದಾಗ ಚಪ್ಪಾಳೆ ತಟ್ಟುತ್ತಿದ್ದರು, ಕರುಣೆ ಅನ್ನುವುದೇ ಇರಲಿಲ್ಲ. ನನ್ನ ಜರ್ಮನ್ ಸುಧಾರಿಸಿದ್ದು ತರಗತಿಯಲ್ಲಿ ಅಲ್ಲ, ಇವರ ಜೊತೆ. ಇವರು ನಿಧಾನ ಮಾತಾಡುತ್ತಾರೆ, ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಭಾಷೆ ಕಲಿಯುವವರಿಗೆ ಇನ್ನೇನು ಬೇಕು?

"ಕಸಾ ಹೊಡಿಯಾಕ ಜರ್ಮನಿಗೆ ಹೋಗಬೇಕಿತ್ತೇನ?"

ಇದು ನಮ್ಮ ಸೋದರಮಾವನ ಪ್ರಶ್ನೆ. ವಸಂತದಲ್ಲಿ ಒಂದು ಶನಿವಾರ ಊರವರೆಲ್ಲ ಸೇರಿ ಹೊಲದ ದಾರಿ, ಹಳ್ಳ, ಕಾಡಿನ ಅಂಚು ಸ್ವಚ್ಛ ಮಾಡುವ ಪದ್ಧತಿ ಅಲ್ಲಿದೆ. ಕೊನೆಗೆ ಎಲ್ಲರಿಗೂ ಊಟ. ಮಾವಾ, ಅಲ್ಲಿ ಮೇಯರ್ ಕೂಡ ಚೀಲ ಹಿಡಿದಿದ್ದರು, ಫೋಟೋಗ್ರಾಫರ್ ಹೋದ ಮೇಲೂ ಹಿಡಿದಿದ್ದರು. ಬೇರೆ ದಿನಗಳಲ್ಲೂ ಸರದಿ ಇರುತ್ತದೆ. ಒಂದೇ ಕಟ್ಟಡದಲ್ಲಿ ಇರುವವರು ವಾರಕ್ಕೊಬ್ಬರಂತೆ ಮೆಟ್ಟಿಲು, ಮುಂದಿನ ಹಾದಿ ಗುಡಿಸಬೇಕು. ಬಾಗಿಲಿಗೆ ಬೋರ್ಡ್ ತೂಗಿದರೆ ಈ ವಾರ ನಿಮ್ಮದು ಅಂತ. ಇದರಲ್ಲಿ ಪಕ್ಕದ ಮನೆಯವರ ಕಣ್ಗಾವಲೂ ಸಾಕಷ್ಟಿದೆ, ಸುಳ್ಳು ಹೇಳುವುದಿಲ್ಲ.

ಖರ್ಚು ಎಷ್ಟಾಗುತ್ತದೆ?

ಕಾರ್ಯಕ್ರಮದ ಶುಲ್ಕ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ವಿದ್ಯಾರ್ಥಿವೇತನಗಳೂ ಇವೆ, ಕೇಳಿ. ಕೈಖರ್ಚಿನಲ್ಲಿ ದೊಡ್ಡದು ಸುತ್ತಾಟ. ದೇಶದ ಎಲ್ಲ ಲೋಕಲ್ ರೈಲು, ಬಸ್ಸಿಗೆ ಒಂದೇ ತಿಂಗಳ ಪಾಸ್ ಇದೆ. 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು. ವೇಗದ ರೈಲುಗಳಿಗೆ ಅದು ನಡೆಯುವುದಿಲ್ಲ. ನಾನಿದ್ದ ರಾಜ್ಯದಲ್ಲಿ ಹುಡುಗ-ಹುಡುಗಿಯರಿಗೆ ಇನ್ನೂ ಕಡಿಮೆ ದರದ ಪಾಸ್ ಇದೆ. ಬುತ್ತಿ ಕಟ್ಟಿಕೊಂಡು ಹೊರಟರೆ ದಿನದ ಖರ್ಚು ಬಹಳ ಇಲ್ಲ. ನೀರಿನ ಬಾಟಲಿ ಎಸೆಯಬೇಡಿ, ಅಂಗಡಿಯ ಮೆಷಿನ್ನಿಗೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತದೆ.

ಊಟದ ಗತಿ? ನಾವು ಸಸ್ಯಾಹಾರಿಗಳು.

ಅರ್ಜಿಯಲ್ಲೇ ಬರೆಯಿರಿ, ಅದಕ್ಕೆ ಒಪ್ಪುವ ಕುಟುಂಬವನ್ನೇ ಹುಡುಕುತ್ತಾರೆ. ಚೀಸ್ ಹಾಕಿದ ಸ್ಪೆಟ್ಸ್ಲೆ (ಮೊಟ್ಟೆ ಬೆರೆಸಿದ ಹಿಟ್ಟಿನ ನೂಡಲ್ಸ್), ಬ್ರೆಟ್ಸೆಲ್ (ಗಂಟಿನಾಕಾರದ ಬ್ರೆಡ್ಡು), ಬೇಳೆಯ ಸಾರು ಇವೆಲ್ಲ ಆ ಭಾಗದ್ದೇ ಊಟ. ಬೇಳೆಯ ಜೊತೆ ಮಾಂಸದ ಸಾಸೇಜ್ ಇಡುವುದು ರೂಢಿ, ಬೇಡ ಅಂತ ಮೊದಲೇ ಹೇಳಿ. ಸಂಜೆ ಹೆಚ್ಚಾಗಿ ತಣ್ಣನೆಯ ಬ್ರೆಡ್ಡು-ಚೀಸು. ಬಿಸಿ ರೊಟ್ಟಿ, ಎಣಗಾಯಿ ನೆನಪಾಗುವುದು ಆವಾಗ. ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಬೆಣ್ಣೆ ಸವರಿ ಉದುರಿಸಿಕೊಂಡು ತಿಂದೆ. ಸ್ವಲ್ಪ ದಿನಕ್ಕೆ ಮನೆಯವರೂ ಅದನ್ನೇ ಕೇಳತೊಡಗಿದರು, ಪುಡಿ ಬೇಗ ಮುಗಿಯಿತು.

ಹೆಣ್ಣುಮಕ್ಕಳನ್ನು ಕಳಿಸಬಹುದಾ? ತೊಂದರೆಯಾದರೆ ಯಾರಿಗೆ ಹೇಳುವುದು?

ಕಳಿಸಬಹುದು. ಕುಟುಂಬಕ್ಕೆ ಸಂಬಂಧವಿಲ್ಲದ ಒಬ್ಬ ಸಂಪರ್ಕ ವ್ಯಕ್ತಿಯನ್ನು ಕಾರ್ಯಕ್ರಮದವರು ಕೊಡುತ್ತಾರೆ. ಮನೆಯಲ್ಲಿ ಹೊಂದಿಕೆಯಾಗದಿದ್ದರೆ ಅವರಿಗೆ ಹೇಳಿ, ಮನೆ ಬದಲಿಸುತ್ತಾರೆ. ಅದು ನಾಚಿಕೆಯ ವಿಷಯ ಅಲ್ಲ. ತುರ್ತು ನಂಬರ್ 112, ಇಲ್ಲಿಯದೇ.

ಅಪ್ಪ-ಅವ್ವಂದಿರಿಗೆ ಒಂದು ವಿನಂತಿ: ದಿನಾ ವಿಡಿಯೋ ಕಾಲ್ ಮಾಡಬೇಡಿ. ಅಲ್ಲಿಯ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ. ನೀವು ರಾತ್ರಿ ಊಟ ಮುಗಿಸಿ ಫೋನ್ ಮಾಡುವ ಹೊತ್ತಿಗೆ ಅಲ್ಲಿ ಮಕ್ಕಳು ಹೊರಗೆ ಗೆಳೆಯರ ಜೊತೆ ಇರುವ ಹೊತ್ತು.

ನಮ್ಮೂರಿನ ಬಗ್ಗೆ ಅವರಿಗೆ ಏನು ಹೇಳಬೇಕು?

ತಾಜ್ ಮಹಲ್ ಬಿಡಿ, ಅದು ಅವರಿಗೆ ಗೊತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುವುದನ್ನು ತೋರಿಸಿ, ಆ ಬಟ್ಟೆ ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಅಂತ ಹೇಳಿ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಫೋಟೋಗೆ ನನ್ನ ತರಗತಿ ಕುಣಿದಾಡಿತು.

ಬಂದ ಮೇಲೆ ಸೇವೆ ಮುಂದುವರಿಸಿದೆಯಾ?

ಸ್ವಲ್ಪ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಗೆಳತಿಯರ ಜೊತೆ ಹಕ್ಕಿ ಎಣಿಸಲು ಹೋಗುತ್ತೇನೆ. ಇಲ್ಲಿ ಕೈಗವಸು, ಜಾಕೆಟ್ ಕೊಡುವವರು ಯಾರೂ ಇಲ್ಲ, ಪುಸ್ತಕ, ಪೆನ್ನು, ಬೈನಾಕ್ಯುಲರ್ ನಾವೇ ಒಯ್ಯಬೇಕು. ಪ್ರಮಾಣಪತ್ರ ಸಿಗುತ್ತದಾ ಅಂತ ಕೇಳುವವರೂ ಇದ್ದಾರೆ. ಜರ್ಮನಿಯದು ಸಿಕ್ಕಿದೆ, ಇದಕ್ಕೆ ಇಲ್ಲ.

ಫೇಡೆ ಒಯ್ಯಬಹುದಾ?

ಒಯ್ಯಬೇಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಮಿಠಾಯಿಗೆ ವಿನಾಯಿತಿ ಇದೆ ಅಂತ ವಾದ ಮಾಡಬಹುದು, ಆದರೆ ಧಾರವಾಡ ಫೇಡೆಯಲ್ಲಿ ಖೋವಾ ಬಿಟ್ಟರೆ ಇನ್ನೇನಿದೆ? ಫ್ರಾಂಕ್‌ಫರ್ಟ್ ಕಸ್ಟಮ್ಸ್ ಮುಂದೆ ನಿಂತು ಆ ವಾದ ಮಾಡುವ ಉಸಾಬರಿ ಬೇಡ. ತುಪ್ಪವೂ ಬೇಡ. ಉಡುಗೊರೆಗೆ ಕಸೂತಿ ಹಾಕಿದ ಮೇಜುಬಟ್ಟೆ ಒಯ್ಯಿರಿ, ಹಗುರ. ನವಲಗುಂದದ ಜಮಖಾನ ಎಲ್ಲಕ್ಕಿಂತ ಚೆಂದ, ಆದರೆ ಸಣ್ಣದನ್ನೇ ಆರಿಸಿ, ಬ್ಯಾಗಿನ ತೂಕ 23 ಕಿಲೋ ದಾಟಿದರೆ ಕೌಂಟರಿನಲ್ಲಿ ದುಡ್ಡು ಕೇಳುತ್ತಾರೆ.